ಹುಲಿಗೆಮ್ಮನ ಮನೆಯ ನೀರು

ಹುಬ್ಬಳ್ಳಿಯಿಂದ ರಾಯಚೂರಿಗೆ ಬೆಳಗಿನ ಬಸ್ಸು ಹಿಡಿದೆ. ಕಂಡಕ್ಟರು ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟು, ಕಾಲ ಬಳಿಯಿದ್ದ ಐಸ್ ಪೆಟ್ಟಿಗೆಯನ್ನು ದಿಟ್ಟಿಸಿ ನೋಡಿದರು. "ಫ್ರೀ ಇರೋದು ಹೆಣ್ಮಕ್ಕಳಿಗೆರೀ ಮೇಡಂ, ಪೆಟ್ಟಿಗಿಗಲ್ಲ" ಎಂದು ಅದಕ್ಕೊಂದು ಲಗೇಜ್ ಟಿಕೆಟ್ ಮಾಡಿದರು. ಪೆಟ್ಟಿಗೆಯಲ್ಲಿ ಏನಿದೆ ಎಂದು ಪಕ್ಕದ ಸೀಟಿನ ಅಜ್ಜಿ ಕೇಳಿದಳು. ಖಾಲಿ ಬಾಟಲಿಗಳು ಎಂದೆ. ಖಾಲಿ ಬಾಟಲಿಗೆ ದುಡ್ಡು ಕೊಟ್ಟು ಊರೂರು ತಿರುಗುವವಳನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಕೊಪ್ಪಳದಲ್ಲಿ ಇಳಿಯುವವರೆಗೂ ನನ್ನನ್ನು ಮರುಕದಿಂದಲೇ ನೋಡುತ್ತಿದ್ದಳು.

ನನ್ನ ಕೆಲಸವೇ ಅದು. ನಾನು ಹುಬ್ಬಳ್ಳಿಯ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಭೂವಿಜ್ಞಾನಿ. ಕಾರ್ಖಾನೆಗಳ ಸುತ್ತಲಿನ ಮಣ್ಣು ಮತ್ತು ಅಂತರ್ಜಲ ಕೆಟ್ಟಿದೆಯೇ ಎಂದು ಪರೀಕ್ಷೆಗೆ ನಮೂನೆ ತೆಗೆಯುತ್ತೇನೆ. ಹತ್ತೊಂಬತ್ತು ವರ್ಷಗಳಲ್ಲಿ ನಾನು ಸಹಿ ಹಾಕಿದ ಒಂದು ವರದಿಯೂ ಸುಳ್ಳಾಗಿರಲಿಲ್ಲ. ಈ ಮಾತನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಮನೆಯಲ್ಲಿ ಇದಕ್ಕೆ ನಗುತ್ತಾರೆ. ನಗಲಿ.

ಈ ಸಲದ ಕೆಲಸ ರಾಯಚೂರಿನ ಅಂಚಿನಲ್ಲಿರುವ ಒಂದು ಕಾರ್ಖಾನೆಯದು. ಕಬ್ಬಿಣದ ಬಿಡಿಭಾಗಗಳ ಜಿಡ್ಡನ್ನು ದ್ರಾವಕದಲ್ಲಿ ತೊಳೆಯುವುದು ಅಲ್ಲಿನ ಉದ್ಯೋಗ. ಹಿಂದಿನ ಓಣಿಯಲ್ಲಿ ಎಂಬತ್ತರಷ್ಟು ಮನೆಗಳಿದ್ದು, ಒಂದೇ ಕೊಳವೆಬಾವಿ. ಅದರ ನೀರು ವಾಸನೆ ಬರುತ್ತದೆ ಎಂದು ಹುಲಿಗೆಮ್ಮ ಎಂಬ ಹೆಂಗಸು ವರ್ಷದ ಹಿಂದೆ ದೂರು ಕೊಟ್ಟಿದ್ದಳು. ಆಗ ನಮ್ಮ ಪ್ರಯೋಗಾಲಯದ ಸಹೋದ್ಯೋಗಿಯೊಬ್ಬರು ಹೋಗಿ ನಮೂನೆ ತಂದರು. ನೀರು ಶುದ್ಧವಾಗಿದೆ ಎಂದು ಫಲಿತಾಂಶ ಬಂತು. ಕಾಗದದ ಕೆಳಗೆ 'ಪರಿಶೀಲಿಸಿದವರು' ಎಂಬಲ್ಲಿ ಸಹಿ ನನ್ನದು. ಹುಲಿಗೆಮ್ಮ ಸುಮ್ಮನಾಗದೆ ಅರ್ಜಿಯ ಮೇಲೆ ಅರ್ಜಿ ಹಾಕಿದ್ದರಿಂದ ಇದು ಎರಡನೆಯ ಮತ್ತು ಕೊನೆಯ ಪರೀಕ್ಷೆ. ಇದೂ ಶುದ್ಧವೆಂದು ಬಂದರೆ, ತೀರ್ಮಾನವಾಗುವವರೆಗೆಂದು ಓಣಿಗೆ ಬರುತ್ತಿರುವ ಟ್ಯಾಂಕರ್ ನೀರು ನಿಲ್ಲುತ್ತದೆ, ಜನ ಮತ್ತೆ ಅದೇ ಕೊಳವೆಬಾವಿಯ ನೀರು ಕುಡಿಯಬೇಕು.

ಸಿಂಧನೂರು ದಾಟಿದ ಮೇಲೆ ಎರಡೂ ಕಡೆ ಭತ್ತದ ಹಸಿರು. ಮಾನ್ವಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆ. ನಾನು ಹುಟ್ಟಿದ ಮಲ್ಲಟ ಅಲ್ಲಿಂದ ದೂರವಿಲ್ಲ. ಹುಬ್ಬಳ್ಳಿಯವರು ತಮ್ಮ ಮಿರ್ಚಿಯ ಬಗ್ಗೆ ಏನೇ ಹೇಳಲಿ, ನಮ್ಮ ಕಡೆಯದನ್ನು ತಿಂದು ಆಮೇಲೆ ಮಾತಾಡಬೇಕು. ಫೆಬ್ರವರಿ ಇನ್ನೂ ಮುಗಿದಿರಲಿಲ್ಲ, ಆದರೆ ರಾಯಚೂರಿನಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಅಕ್ಕಿ ಗಿರಣಿಗಳ ಕಡೆಯಿಂದ ಬೆಂದ ಭತ್ತದ ವಾಸನೆ ಬಂತು. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಊರಿಗೆ ಬಂದಂತೆ.

ಬಾಡಿಗೆ ಜೀಪಿನ ಖಾಜಾ ಸಾಬ್ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಯಾಪಲದಿನ್ನಿಯವರು. ಜಿಲ್ಲೆಯ ಪ್ರತಿ ರಸ್ತೆಯ ಪ್ರತಿ ಗುಂಡಿಯೂ ಅವರಿಗೆ ಪರಿಚಯ. ನೇರವಾಗಿ ಕಾರ್ಖಾನೆಗೆ ಹೋದೆವು.

ಮ್ಯಾನೇಜರ್ ಸುಧಾಕರ ಮರ್ಯಾದಸ್ಥ ಮನುಷ್ಯ. ಚಹಾ ತರಿಸಿದರು, ಫ್ಯಾನು ನನ್ನ ಕಡೆ ತಿರುಗಿಸಿದರು, ಹಳೆಯ ವರದಿಯನ್ನು ಮೇಜಿನ ಮೇಲಿಟ್ಟರು. ನನ್ನ ಸಹಿಯ ಮೇಲೆ ಬೆರಳಿಟ್ಟು, "ಇದು ನಿಮ್ಮದೇ ಅಲ್ರೀ ಮೇಡಂ?" ಎಂದರು.

"ನಂದೇ."

"ಮತ್ತ ಇನ್ನೇನ್ ನೋಡಾಕ ಬಂದೀರಿ? ಆ ಹೆಣ್ಮಗಳು ಇಲ್ಲೇ ಕೆಲಸ ಮಾಡ್ತಿದ್ಲು. ನಾವು ಬಿಡಿಸಿದ್ವಿ. ಆ ಸಿಟ್ಟಿಗೆ ಹಿಂಗ ಹೇಳಾಕತ್ಯಾಳ. ಅಕಸ್ಮಾತ್ ನೀರಾಗ ಏನರ ಇದ್ರೂ ಅದು ನಮ್ಮದಲ್ಲ, ರೈತರು ಹೊಲಕ್ಕ ಹೊಡಿಯೋ ಎಣ್ಣಿ. ನಮ್ಮದು ಎರಿ ನೆಲ, ಜಿಗಟು ಮಣ್ಣು. ಏನ್ ಚೆಲ್ಲಿದ್ರೂ ಕೆಳಗ ಇಳಿಯಂಗಿಲ್ಲ."

ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎನ್ನುತ್ತಾರೆ. ಅವರ ವಾದ ತಳ್ಳಿಹಾಕುವಂಥದ್ದಲ್ಲ. ಅದಕ್ಕೆಂದೇ ಮರುದಿನ ಹತ್ತಿ ಬೆಳೆಯುವ ಗಬ್ಬೂರಿನಲ್ಲೂ ಭತ್ತ ಬೆಳೆಯುವ ಮಲ್ಲಟದಲ್ಲೂ ನಮೂನೆ ತೆಗೆಯುವುದಿತ್ತು. ಎಣ್ಣೆಯ ತಪ್ಪಾದರೆ ಅಲ್ಲಿನ ನೀರಿನಲ್ಲೂ ಅದು ಸಿಗಬೇಕು. ಎರೆ ಮಣ್ಣಿನ ಮಾತು ಮಾತ್ರ ನನಗೆ ಹೇಳಬೇಕಾದ್ದಾಗಿರಲಿಲ್ಲ. ಮಳೆಗಾಲದಲ್ಲಿ ಅದು ನೀರು ಬಿಡದ ಅಂಟು, ನಿಜ. ಬೇಸಿಗೆಯಲ್ಲಿ ಅದೇ ನೆಲ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಏಳನೆಯ ಇಯತ್ತೆಯ ಪರೀಕ್ಷೆಗೆಂದು ಅಪ್ಪ ಕೊಡಿಸಿದ ಪೆನ್ನು ಅಂಥ ಒಂದು ಬಿರುಕಿಗೆ ಬಿದ್ದು, ಇಡೀ ಮಧ್ಯಾಹ್ನ ಕಡ್ಡಿ ಹಾಕಿ ಕೆದಕಿದರೂ ಸಿಗಲಿಲ್ಲ. ಪೆನ್ನು ಹೋದ ದಾರಿಯಲ್ಲಿ ದ್ರಾವಕ ಹೋಗದೆ?

ನಾಲ್ಕು ಗಂಟೆಯ ಹೊತ್ತಿಗೆ ಹಿಂದಿನ ಓಣಿಗೆ ಹೋದೆ. ಹುಲಿಗೆಮ್ಮನಿಗೆ ಐವತ್ತರ ಮೇಲಿರಬೇಕು. ಸಪೂರ ಮೈ, ಗಟ್ಟಿ ದನಿ. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಚಿತ್ರ, ಒಂದು ಕಡ್ಡಿ ಕಸವೂ ಇಲ್ಲದಂತೆ ಸಾರಿಸಿದ ನೆಲ. ಚಾಪೆ ಹಾಸಿ, ತಳತಳ ಹೊಳೆಯುವ ಚೆಂಬಿನಲ್ಲಿ ನೀರು ತಂದಿಟ್ಟಳು.

"ಟ್ಯಾಂಕರ್ ನೀರೇ ರೀ, ಅಂಜಬ್ಯಾಡ್ರಿ" ಎಂದಳು.

ಕುಡಿದೆ. ಒಂದಿಷ್ಟು ಹೊಗೆಯ ರುಚಿ ಇತ್ತು. ಬಾಯಾರಿತ್ತು, ಅಷ್ಟಕ್ಕೇ ಬಿಟ್ಟೆ.

"ಎರಡು ವರ್ಷ ಅಲ್ಲಿ ಕಬ್ಬಿಣ ಒರಸೀನ್ರೀ" ಎಂದಳು ಹುಲಿಗೆಮ್ಮ. "ಆ ಡ್ರಮ್ಮಿನ ವಾಸನಿ ನನಗ ಗೊತ್ತದ. ಸಿಹಿ ಸಿಹಿ ವಾಸನಿ, ತಲಿ ಹಿಡೀತದ. ಒಂದಿನ ಬೋರಿನ ನೀರು ಕೊಡಕ್ಕ ಹಾಕಿದ್ರ ಅದೇ ವಾಸನಿ. ನಾ ಹೇಳಿದ್ದಕ್ಕ ಕಾಗದ ಬಂತು, ನೀರು ಚೊಲೊ ಅದ ಅಂತ. ಅವತ್ತಿನಿಂದ ಓಣ್ಯಾಗ ನನ್ನ ಹೆಸರು ಸುಳ್ಳ ಹುಲಿಗೆಮ್ಮ. ನನ್ನ ಸೊಸಿನೂ ಅಂತಾಳ, ಅತ್ತಿ, ಬಿಟ್ಟುಬಿಡ್ರಿ ಅಂತ."

ಆ ಕಾಗದದ ಸಹಿ ನನ್ನದೆಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಆ ದಿನವೇ ಅಲ್ಲಿ ನೀರು ತೆಗೆಯದೆ ಇದ್ದದ್ದಕ್ಕೆ ಕಾರಣವಿದೆ. ನಮ್ಮ ಕಸುಬಿನಲ್ಲಿ ಶುದ್ಧವಿರುವ ಬಾವಿ ಮೊದಲು, ಅನುಮಾನದ ಬಾವಿ ಕೊನೆಗೆ. ಇಲ್ಲವಾದರೆ ಹಗ್ಗಕ್ಕೋ ಕೊಳವೆಗೋ ಅಂಟಿದ ಹೊಲಸು ಒಳ್ಳೆಯ ಬಾವಿಗೂ ಹೋಗುತ್ತದೆ.

ಎರಡನೆಯ ದಿನ ಬೆಳಿಗ್ಗೆ ಗಬ್ಬೂರು. ರಾಯಚೂರಿನಿಂದ ದೇವದುರ್ಗದ ರಸ್ತೆಯಲ್ಲಿ ಒಂದು ತಾಸಿನೊಳಗಿನ ದಾರಿ. ಎದುರಿಗೆ ಹತ್ತಿ ಹೇರಿದ ಲಾರಿಗಳು, ಜಾಲಿಯ ಮುಳ್ಳಿಗೆಲ್ಲ ಬಿಳಿ ಹತ್ತಿ ಸಿಕ್ಕಿಕೊಂಡಿತ್ತು. ಶರಣೇಗೌಡ ಎಂಬ ರೈತರು ತಮ್ಮ ಹೊಲದ ಮೋಟರು ಚಾಲೂ ಮಾಡಿಟ್ಟು, ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಕಾಯುತ್ತ ನಿಂತಿದ್ದರು.

ನಮೂನೆ ತುಂಬುವುದು ನೋಡಲು ಸುಲಭ. ಹೆಬ್ಬೆರಳಿನಷ್ಟು ದಪ್ಪದ ಕಂದು ಗಾಜಿನ ಬಾಟಲಿ. ನೀರು ತುಳುಕದಂತೆ, ಗುಳ್ಳೆ ಏಳದಂತೆ ಅಂಚಿಗೆ ತುಂಬಿ ಮುಚ್ಚಳ ಬಿಗಿಯಬೇಕು. ಬೋರಲು ಹಾಕಿ ಬೆರಳಿನಿಂದ ತಟ್ಟಿದಾಗ ಸಾಸಿವೆಯಷ್ಟು ಗುಳ್ಳೆ ಕಂಡರೂ ಅದನ್ನು ಬಿಟ್ಟು ಹೊಸ ಬಾಟಲಿ ತೆಗೆದುಕೊಳ್ಳಬೇಕು. ದ್ರಾವಕ ಗಾಳಿಗೆ ಹಾರಿಹೋಗುವ ವಸ್ತು. ಒಂದು ಗುಳ್ಳೆ ಸಿಕ್ಕರೂ ನೀರು ಬಿಟ್ಟು ಅದರೊಳಗೆ ಸೇರಿಕೊಳ್ಳುತ್ತದೆ. ನಾನು ಬಾಟಲಿ ತಟ್ಟುವುದನ್ನು ನೋಡಿ ಗೌಡರು, "ನಮ್ಮ ನೀರಿಗೆ ಇಷ್ಟು ಉಪಚಾರ ಯಾರೂ ಮಾಡಿದ್ದಿಲ್ಲ ಬಿಡ್ರಿ" ಎಂದರು. ಆವಿಯನ್ನು ಮೂಸುವ ಒಂದು ಕೈಯಂತ್ರ ನನ್ನ ಬಳಿಯಿದೆ. ಅದಕ್ಕೆ ನಾನು ಮೂಗು ಎನ್ನುತ್ತೇನೆ. ಗಬ್ಬೂರಿನ ನೀರಿನ ಮೇಲೆ ಹಿಡಿದಾಗ ಮೂಗು ಸೊನ್ನೆ ತೋರಿಸಿತು.

ಗೌಡರ ಮನೆಯಲ್ಲಿ ರೊಟ್ಟಿ, ಪುಂಡಿ ಪಲ್ಲೆ ಬಡಿಸಿದರು. ಪಂಕ್ತಿಯ ಮೊದಲ ತಟ್ಟೆ ನನ್ನದು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ನನ್ನ ಅಪ್ಪ ಈ ಸೀಮೆಯಲ್ಲೆಲ್ಲ ಬಾವಿ ತೋಡಿದವನು. ತೋಡುವಾಗ ಅವನು ತಳದಲ್ಲಿರುತ್ತಿದ್ದ. ನೀರು ಬಂದ ಮರುದಿನದಿಂದ ಅದೇ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಈಗ ಅವನ ಮಗಳು ನಿಮ್ಮ ನೀರು ಚೆನ್ನಾಗಿದೆ ಎಂದರೆ ಗೌಡರು ನಿರಾಳವಾಗುತ್ತಾರೆ. ನನಗೆ ಹೆಮ್ಮೆಯಾಯಿತು. ಎರಡು ರೊಟ್ಟಿ ಹೆಚ್ಚೇ ತಿಂದೆ.

ದೇವದುರ್ಗದಲ್ಲಿ ಐಸ್ ಕೊಂಡು ಪೆಟ್ಟಿಗೆಗೆ ತುಂಬಿ, ಸಿರವಾರದ ಕಡೆ ತಿರುಗಿ ಮಲ್ಲಟ ಸೇರಿದಾಗ ಮೂರು ಗಂಟೆ. ಅಲ್ಲಿಯ ಕೊಳವೆಬಾವಿಯ ನೀರಿಗೂ ಮೂಗು ಸೊನ್ನೆಯನ್ನೇ ತೋರಿಸಿತು. ಕೆಲಸ ಮುಗಿದ ಮೇಲೆ ಸೋದರತ್ತೆ ತಾಯಮ್ಮನ ಮನೆಗೆ ಹೋದೆವು. ಬರುತ್ತೇನೆಂದು ಬೆಳಿಗ್ಗೆಯೇ ಫೋನ್ ಮಾಡಿದ್ದೆ. ಅತ್ತೆ ಮೊದಲು ಖಾಜಾ ಸಾಬರಿಗೆ, ಆಮೇಲೆ ನನಗೆ ನೀರು ಕೊಟ್ಟಳು.

ಒಂದು ಗುಟುಕು ಕುಡಿದು ಚೆಂಬು ಕೆಳಗಿಟ್ಟೆ. ಅದೇ ಹೊಗೆಯ ರುಚಿ.

"ಅತ್ತಿ, ನೀರು ಕಾಸೀಯೇನು?"

"ಕಾಸಿ, ಮೂರು ಸಲ ಸೋಸಿ ಇಟ್ಟೀನಿ. ಖಾಜಾ ಬಂದಾನಲ್ಲ ಯವ್ವಾ, ಹೊರಗಿನವ್ರಿಗೆ ಹಂಗೇ ಹೆಂಗ ಕೊಡೋದು?"

ಚಿಕ್ಕಂದಿನದು ನೆನಪಾಯಿತು. ನನ್ನನ್ನು ಶಾಲೆ ಬಿಡಿಸಬೇಡಿ ಎಂದು ಹೇಳಲು ಮಾಸ್ತರರು ನಮ್ಮ ಮನೆಗೆ ಬಂದಿದ್ದರು. ಅವರು ಬರುವ ಸುದ್ದಿ ಹಿಂದಿನ ದಿನವೇ ಗೊತ್ತಾಗಿತ್ತು. ಅವ್ವ ನೀರನ್ನು ಕೊತಕೊತ ಕುದಿಸಿ, ಮದುವೆಯ ಸೀರೆಯ ಸೆರಗಿನಲ್ಲಿ ಸೋಸಿ, ಹುಣಸೆಹಣ್ಣು ಹಾಕಿ ತಿಕ್ಕಿದ ಚೆಂಬಿನಲ್ಲಿ ಇಟ್ಟಿದ್ದಳು. ನಮ್ಮ ಮನೆಯ ನೀರು ಕುಡಿಯಲು ಜನ ಹಿಂದೆಮುಂದೆ ನೋಡುತ್ತಿದ್ದ ಕಾಲ. ಕುಡಿಯುವವರು ಬಂದರೆ ಆ ನೀರಿಗೆ ಯಾರೂ ಹೆಸರಿಡುವಂತಿರಬಾರದು. ಮಾಸ್ತರರು ಪೂರ್ತಿ ಚೆಂಬು ಕುಡಿದರು. ಅವ್ವ ಅದನ್ನು ಸಾಯುವವರೆಗೂ ಹೇಳುತ್ತಿದ್ದಳು.

ಕುದಿಸಿದರೆ ದ್ರಾವಕ ಹಾರಿಹೋಗುತ್ತದೆ. ಒಂದು ಗುಳ್ಳೆಗೆ ಹೆದರಿ ಬಾಟಲಿ ಬೋರಲು ಹಾಕುವವಳು ನಾನು. ಆ ಹಳೆಯ ನಮೂನೆ ಎಲ್ಲಿಂದ ತುಂಬಿದ್ದು ಎಂದು ನಾನು ಕೇಳಿರಲೇ ಇಲ್ಲ. ಸಹೋದ್ಯೋಗಿ 'ಕೊಳವೆಬಾವಿಯ ನೀರು' ಎಂದು ಬರೆದಿದ್ದರು, ನಾನು ಸಹಿ ಹಾಕಿದ್ದೆ. ಅಲ್ಲಿಂದಲೇ ಅವರಿಗೆ ಫೋನ್ ಮಾಡಿದೆ. ನೆನಪು ಮಾಡಿಕೊಂಡು ಹೇಳಿದರು: ಆ ದಿನ ಕರೆಂಟ್ ಇರಲಿಲ್ಲ, ಮೋಟರು ಚಾಲೂ ಆಗಲಿಲ್ಲ, ಒಬ್ಬ ಹೆಂಗಸು ಅದೇ ಬಾವಿಯ ನೀರು ಮನೆಯಲ್ಲಿದೆ ಎಂದು ಕೊಡದಿಂದ ಕೊಟ್ಟಳು.

ಹುಲಿಗೆಮ್ಮನಿಗೆ ಫೋನ್ ಮಾಡಲಿಲ್ಲ. ಇಂಥದ್ದನ್ನು ಫೋನಿನಲ್ಲಿ ಕೇಳಿದರೆ ಆರೋಪದಂತೆ ಕೇಳಿಸುತ್ತದೆ. ಮಾನ್ವಿಯ ಮೇಲೆ ರಾಯಚೂರಿಗೆ ಮರಳುವಾಗ ನಾನು ಮಾತಾಡದೆ ಕುಳಿತದ್ದು ಕಂಡು ಖಾಜಾ ಸಾಬ್, "ಅತ್ತಿ ಕೊಟ್ಟ ಶೇಂಗಾ ಚಟ್ನಿ ಜೀಪಿನಾಗೇ ಅದರೀ, ಚಿಂತಿ ಮಾಡಬ್ಯಾಡ್ರಿ" ಎಂದರು.

ಮೂರನೆಯ ದಿನ ಏಳಕ್ಕೇ ಓಣಿಯಲ್ಲಿದ್ದೆ. ಮೊದಲು ಮಾಡಿದ ಕೆಲಸ, ಆ ಕಾಗದದ ಸಹಿ ನನ್ನದು ಎಂದು ಹುಲಿಗೆಮ್ಮನಿಗೆ ಹೇಳಿದ್ದು. ಅವಳು ನನ್ನ ಮುಖವನ್ನೇ ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಅವತ್ತು ನೀವು ಕೊಟ್ಟ ನೀರು ಕಾಸಿದ್ದೇನಕ್ಕಾ?"

"ಹ್ಞೂಂ ರೀ. ಹುಬ್ಬಳ್ಳಿಯಿಂದ ಸಾಹೇಬರು ಬರ್ತಾರ ಅಂತ ಗೊತ್ತಿತ್ತು. ಹಿಂದಿನ ದಿನಾನೇ ಕಾಸಿ ಸೋಸಿ ಇಟ್ಟಿದ್ದೆ. ನಮ್ಮ ಮನಿ ನೀರು ದೊಡ್ಡವ್ರು ಕೈಯೊಡ್ಡಿ ಕೇಳಿದ್ರ ಹೊಲಸು ಕೊಡಾಕ ಬರ್ತದೇನ್ರೀ?"

ಕುದಿಸಿದ್ದರಿಂದ ಏನಾಯಿತು ಎಂದು ತಿಳಿಸಿ ಹೇಳಿದೆ. ಅವಳು ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಹಂಗಾರ ನನ್ನ ಕೈಯಾರೆ ನಾನೇ ಸುಳ್ಳಾದ್ನಲ್ರೀ."

"ನೀವಲ್ಲ. ಕೇಳಬೇಕಾದವರು ನಾವು. ಕೇಳದೇ ಸಹಿ ಹಾಕಿದಾಕಿ ನಾನು."

ಬರಿಯ ಹೊಸ ನಮೂನೆ ತೆಗೆದರೆ ಸಾಲದು. ಒಂದು ಕಾಗದ ಚೊಲೊ ಅನ್ನುತ್ತದೆ, ಇನ್ನೊಂದು ಕೆಟ್ಟಿದೆ ಅನ್ನುತ್ತದೆ, ಯಾವುದನ್ನು ನಂಬುವುದು ಎಂದು ಸುಧಾಕರ ಕೇಳಿದರೆ ಉತ್ತರ ಬೇಕಲ್ಲ. ಅವರನ್ನೂ ಕರೆಸಿದೆ. ಓಣಿಯ ಜನವೆಲ್ಲ ಸೇರಿತು. ಮೋಟರು ಹಚ್ಚಿ, ಕೊಳವೆಯಲ್ಲಿ ನಿಂತ ಹಳೆಯ ನೀರೆಲ್ಲ ಹೋಗುವವರೆಗೆ ಮುಕ್ಕಾಲು ತಾಸು ಹರಿಯಬಿಟ್ಟೆ. ಬಾಟಲಿ ತುಂಬಿದೆ, ಬೋರಲು ಹಾಕಿ ತಟ್ಟಿದೆ, ಗುಳ್ಳೆಯಿಲ್ಲ. ಆಮೇಲೆ ಅದೇ ನೀರನ್ನು ಹುಲಿಗೆಮ್ಮನ ಕೊಡಕ್ಕೆ ಹಿಡಿದು, "ಅಕ್ಕಾ, ಅವತ್ತು ಹೆಂಗ ಕಾಸಿದ್ದಿರೋ ಹಂಗೇ ಕಾಸ್ರಿ" ಎಂದೆ.

ಅವಳು ಬಯಲಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಎಲ್ಲರನ್ನೂ ಗಾಳಿ ಬರುವ ಕಡೆಗೆ ನಿಲ್ಲಿಸಿದೆ. ಕಾಸಿದರೆ ಹೋಯಿತಲ್ಲ, ಹಾಗೇ ಕುಡಿಯಬಹುದಲ್ಲ ಎಂದು ಯಾರಾದರೂ ಓದುಗರು ಎಂದುಕೊಂಡರೆ ಅವರಿಗೂ ಹೇಳಿಬಿಡುತ್ತೇನೆ: ನೀರು ಬಿಟ್ಟದ್ದು ಅಡುಗೆಮನೆಯ ಗಾಳಿಗೆ ಸೇರುತ್ತದೆ, ಅಲ್ಲಿಂದ ಕಾಸುವವಳ ಎದೆಗೆ. ಹುಲಿಗೆಮ್ಮ ಅವಸರ ಮಾಡಲಿಲ್ಲ. ಕೊತಕೊತ ಕುದಿಸಿದಳು, ಇಳಿಸಿ ಆರಿಸಿದಳು, ಬಿಳಿಯ ಬಟ್ಟೆಯಲ್ಲಿ ಮೂರು ಸಲ ಸೋಸಿದಳು. ಆ ಕೆಲಸದಲ್ಲಿ ಅವಳ ಕೈ ನನ್ನ ಕೈಗಿಂತ ಅಚ್ಚುಕಟ್ಟು ಎಂದು ಒಪ್ಪಿಕೊಳ್ಳಬೇಕು.

ಎರಡು ಜಾಡಿಗಳಲ್ಲಿ ಎರಡೂ ನೀರನ್ನು ಅರ್ಧರ್ಧ ತುಂಬಿ, ಮುಚ್ಚಿ, ಕುಲುಕಿ ಯಂತ್ರದ ಮೂಗಿನ ಮುಂದೆ ಹಿಡಿದೆ. ಕಾಸಿದ ನೀರಿಗೆ ಸೊನ್ನೆಯ ಹತ್ತಿರ ನಿಂತಿತು. ಕಾಸದ ನೀರಿಗೆ ಯಂತ್ರ ಕೀರಲು ದನಿಯಲ್ಲಿ ಕೂಗತೊಡಗಿ ನಿಲ್ಲಲೇ ಇಲ್ಲ. ಅಂಕಿ ಓದಲು ಬಾರದವರಿಗೂ ಅದು ತಿಳಿಯಿತು. ಹುಲಿಗೆಮ್ಮನ ಸೊಸೆ ಗುಂಪಿನಿಂದ ಮುಂದೆ ಬಂದು ಅತ್ತೆಯ ಪಕ್ಕ ನಿಂತಳು.

ಸುಧಾಕರ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ನಮ್ಮ ಕ್ವಾರ್ಟರ್ಸಿಗೂ ಒಂದು ಬೋರ್ ಅದ. ನನ್ನ ಮಕ್ಕಳು ಅದನ್ನ ಕುಡಿತಾರ. ಅದನ್ನೂ ನೋಡ್ತೀರೇನು?" ಎಂದರು. ನೋಡುತ್ತೇನೆ ಎಂದೆ. ಡ್ರಮ್ಮು ತೊಳೆಯುವ ಹಿತ್ತಲಿನ ಗೇಟಿನ ಕೀಲಿಯನ್ನು ಅವರೇ ತಂದುಕೊಟ್ಟರು. ಅಲ್ಲಿ ಬೈರಿಗೆ ಇಳಿಸಿ ಮಣ್ಣು ತೆಗೆದೆವು. ಎರೆ ಮಣ್ಣಿನ ಬಿರುಕುಗುಂಟ, ಅದರ ಕೆಳಗಿನ ಗರಸು ಕಲ್ಲಿನವರೆಗೂ ಮೂಗು ಕೂಗುತ್ತಲೇ ಹೋಯಿತು. ಈ ದ್ರಾವಕ ನೀರಿಗಿಂತ ಭಾರ. ಮೇಲೆ ತೇಲದೆ ಕಲ್ಲಿನ ಸಂದಿ ಹಿಡಿದು ಇಳಿಯುತ್ತದೆ. ನನ್ನ ಪೆನ್ನು ಹೋದ ದಾರಿ.

ಹದಿನೈದು ದಿನಕ್ಕೆ ಪ್ರಯೋಗಾಲಯದ ಅಂಕಿಗಳು ಬಂದವು. ಗಬ್ಬೂರು, ಮಲ್ಲಟ ಶುದ್ಧ. ಕ್ವಾರ್ಟರ್ಸಿನ ಬಾವಿಯಲ್ಲಿ ಸ್ವಲ್ಪ. ಓಣಿಯ ಬಾವಿಯಲ್ಲಿ ಕುಡಿಯಲು ಬಾರದಷ್ಟು, ಅದೂ ಕಾರ್ಖಾನೆಯ ಡ್ರಮ್ಮಿನಲ್ಲಿದ್ದ ದ್ರಾವಕವೇ. ಬಾವಿಗೆ ಮುಚ್ಚಳ ಬಿತ್ತು, ಟ್ಯಾಂಕರ್ ಉಳಿಯಿತು, ನಲ್ಲಿ ಹಾಕಿಸುವ ಮಾತು ನಡೆದಿದೆ. ಹೊಸ ವರದಿಯಲ್ಲಿ ಹಳೆಯ ತಪ್ಪು ಹೇಗಾಯಿತೆಂದು ನನ್ನ ಹೆಸರು ಹಾಕಿಯೇ ಬರೆದೆ. ವಾಸನೆಯನ್ನು ಮೊದಲು ಗುರುತಿಸಿದವರು ಎಂಬಲ್ಲಿ ಹುಲಿಗೆಮ್ಮನ ಹೆಸರು. ಹತ್ತೊಂಬತ್ತು ವರ್ಷಗಳ ಲೆಕ್ಕಕ್ಕೆ ಒಂದು ಕಪ್ಪು ಚುಕ್ಕೆ ಬಿತ್ತು ಎಂದು ನಮ್ಮ ಸಾಹೇಬರು ಗೊಣಗಿದರು. ನಾನು ಬರೆದ ವರದಿಗಳಲ್ಲಿ ನನಗೆ ಅತ್ಯಂತ ಹೆಮ್ಮೆಯಿರುವುದು ಇದರ ಬಗ್ಗೆಯೇ.

ಆದರೆ ಪ್ರಯಾಣ ಮುಗಿದದ್ದು ಆ ಮೂರನೆಯ ದಿನದ ಸಂಜೆ, ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ. ಐಸ್ ಪೆಟ್ಟಿಗೆಗೆ ಲಗೇಜ್ ಟಿಕೆಟ್ ಮಾಡಿಸಿ ಕಿಟಕಿಯ ಬಳಿ ಕುಳಿತಿದ್ದೆ. ಬಸ್ಸು ಇನ್ನೇನು ಹೊರಡಬೇಕು, ಹುಲಿಗೆಮ್ಮ ಸೊಸೆಯೊಡನೆ ಬಿರಬಿರನೆ ಬಂದಳು. ಕಿಟಕಿಯಿಂದ ಒಂದು ನೀರಿನ ಬಾಟಲಿ ಚಾಚಿದಳು.

"ಟ್ಯಾಂಕರಿಂದು" ಎಂದಳು. "ಕಾಸಿಲ್ಲ, ಸೋಸಿಲ್ಲ. ಹೆಂಗ ಬಂತೋ ಹಂಗೇ ತಂದೀನಿ ತಂಗೀ."

ಅವಳ ಕಣ್ಣೆದುರಿಗೇ ಮುಚ್ಚಳ ತೆರೆದು, ಬಸ್ಸು ಹೊರಡುವ ಮೊದಲು ಅಷ್ಟೂ ಕುಡಿದೆ.